ಹೊಗೆಯ ಬಣ್ಣ ಮತ್ತು ಅಣ್ಣನ ಅಂಬಾಸಡರ್



ಕಳೆದ ಸಂಚಿಕೆಯಲ್ಲಿ ತೋಟದ ಪಂಪಿನ ದುರಸ್ತಿಯ ಕುರಿತು ಬರೆದುದನ್ನು ಓದಿದ ಇಬ್ಬರು ಗೃಹಸ್ಥರು, ಹಳೆಯ ಕಾರುಗಳ ಹೊಗೆಯ ವಿಚಾರವನ್ನೂ ಒಮ್ಮೆ ವಿವರಿಸಬೇಕೆಂದು ಕೋರಿದ್ದಾರೆ. ನಮ್ಮ ಕಾಸರಗೋಡಿನ ಹಳೆಯ ಮನೆಗಳ ಚಪ್ಪರಗಳ ಕೆಳಗೆ ಇಂದಿಗೂ ಅಂಬಾಸಡರ್, ಪದ್ಮಿನಿ ಮುಂತಾದ ಕಾರುಗಳು ನಿಂತಿರುವುದನ್ನು ಕಾಣುತ್ತೇವೆ. ಅವುಗಳಲ್ಲಿ ಕಾರ್ಖಾನೆಯಿಂದ ಹೊರಬಂದ ದಿನದ ರೂಪದಲ್ಲಿಯೇ ಉಳಿದವು ವಿರಳ. ಒಂದಕ್ಕೆ ಡೀಸೆಲ್ ಎಂಜಿನ್ ಬಂದಿರುತ್ತದೆ, ಇನ್ನೊಂದಕ್ಕೆ ಗ್ಯಾಸ್ ಕಿಟ್, ಮತ್ತೊಂದಕ್ಕೆ ಬೇರೆ ಯಾವುದೋ ಕಾರಿನ ಕಾರ್ಬ್ಯುರೇಟರ್. ಇಂಥ ಎಂಜಿನ್ ಹೊಗೆಯುಗುಳಿ ಕುಂಟತೊಡಗಿದರೆ ತಪ್ಪು ಎಲ್ಲಿದೆಯೆಂದು ಹುಡುಕುವುದು ಹೊಸ ಕಾರಿನಲ್ಲಿ ಹುಡುಕಿದಷ್ಟು ಸುಲಭವಲ್ಲ. ಏಕೆಂದರೆ ಅದನ್ನು ಮಾಡಿದ ಕೈಗಳು ಅನೇಕ.

ಈ ವಿಷಯವನ್ನು ಬರೆಯಲು ನನಗೊಂದು ಅರ್ಹತೆಯಿದೆ, ಅದು ಹೆಮ್ಮೆಪಡುವಂಥದಲ್ಲ. 2025ರ ಆರಂಭದಲ್ಲಿ ಇದೇ ಹೊಗೆಯ ದೆಸೆಯಿಂದ ನಾನು ನನ್ನ ಅಣ್ಣನ ಮಗನ ಮೇಲೆ ಸಲ್ಲದ ಅಪವಾದವನ್ನು ಹೊರಿಸಿದೆ. ಆ ಕಥೆಯನ್ನು ಹೇಳಿದರೆ ಪರೀಕ್ಷೆಯ ಕ್ರಮವೂ ತಾನಾಗಿಯೇ ತಿಳಿದುಬರುವುದು.

ಅಣ್ಣನದು 1985ರ ಪೆಟ್ರೋಲ್ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶಕ್ಕೆ ಸೇರಿದ ಈ ಗಾಡಿ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಗುತ್ತಿತ್ತು. ಅಣ್ಣನ ಗಾಡಿಯದು 1,489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರುಗಳ ಎಂಜಿನ್. ಒಂದು ಕಾಲದಲ್ಲಿ ನಮ್ಮ ಸುತ್ತಲಿನ ಏಳೆಂಟು ಮನೆಗಳಿಗೆ ಇದೊಂದೇ ಕಾರು. ಹೆರಿಗೆಯ ನೋವು ಕಾಣಿಸಿಕೊಂಡರೂ ಹಾವು ಕಚ್ಚಿದರೂ ಜನ ಅಣ್ಣನ ಬಾಗಿಲಿಗೇ ಬರುತ್ತಿದ್ದರು. ಅವನು ಲುಂಗಿಯ ಮೇಲೊಂದು ಅಂಗಿ ತೊಟ್ಟು ಮಂಗಳೂರಿಗೆ ಹೊರಡುತ್ತಿದ್ದ. 2019ರಲ್ಲಿ ಅವನು ತೀರಿಕೊಂಡ. ಅನಂತರ ವಾರಕ್ಕೊಮ್ಮೆ ಕಾರನ್ನು ಓಡಿಸಿ ಬ್ಯಾಟರಿಯನ್ನು ಜೀವಂತವಾಗಿಡುವ ಕೆಲಸ ನನ್ನ ಪಾಲಿಗೆ ಬಂತು. ಅವನ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ.

ಆ ಎಂಜಿನಿಗೆ ಆದ ಮಾರ್ಪಾಡುಗಳನ್ನು ನಾನು ಹೀಗೆ ಬಲ್ಲವನಾಗಿದ್ದೆ. ಅಣ್ಣನ ಕಾಲದಲ್ಲಿ ಒಮ್ಮೆ ಸಿಲಿಂಡರುಗಳನ್ನು ಕೊರೆಯಿಸಿ ದೊಡ್ಡ ಪಿಸ್ಟನ್ ಹಾಕಿಸಿದ್ದು. ನೀರು ಆರಿ ಎಂಜಿನ್ ಕಾದಾಗ ಹೆಡ್ಡನ್ನು ಉಜ್ಜಿಸಿ ಸಮಮಾಡಿಸಿದ್ದು. ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಿದ್ದು. ಕೊನೆಯದಾಗಿ, 2024ರ ದೀಪಾವಳಿಯ ರಜೆಯಲ್ಲಿ ಊರಿಗೆ ಬಂದ ಹುಡುಗ, ಸವೆದುಹೋದ ಮೂಲದ ಎಸ್.ಯು. ಕಾರ್ಬ್ಯುರೇಟರನ್ನು ತೆಗೆದು, ನಡುವೆ ಒಂದು ಲೋಹದ ಹಲಗೆಯನ್ನಿಟ್ಟು, ಬೇರೊಂದು ಸಣ್ಣ ಕಾರಿನ ಕಾರ್ಬ್ಯುರೇಟರನ್ನು ಕೂರಿಸಿದ.

ಅಲ್ಲಿಂದ ತೊಂದರೆ ಆರಂಭವಾಯಿತು. ನಿಂತಲ್ಲಿ ಎಂಜಿನ್ ಗಡಗಡನೆ ನಡುಗುವುದು. ಮೆಕ್ಯಾನಿಕರ ಭಾಷೆಯಲ್ಲಿ ಹೇಳುವುದಾದರೆ ಮಿಸ್ಸಿಂಗ್. ವೇಗ ಹಿಡಿದರೆ ಸರಿಹೋಗುವುದು. ಇಳಿಜಾರಿನಲ್ಲಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದೊಡನೆ ಹಿಂದೆ ನೀಲಿ ಹೊಗೆಯ ಪರದೆ. ಪೇಟೆಯ ಒಂದು ಗ್ಯಾರೇಜಿನವರು ಹೊಗೆಯನ್ನು ನೋಡಿದವರೇ, "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಎಂದು 55,000 ರೂಪಾಯಿಯ ಲೆಕ್ಕ ಕೊಟ್ಟರು. ನಾನು ಮನೆಗೆ ಬಂದು, ಅತ್ತಿಗೆಯ ಎದುರಿಗೇ ಹುಡುಗನಿಗೆ ದೂರವಾಣಿಯಲ್ಲಿ ಹೇಳಿದೆ: "ನಿನ್ನ ಅಪ್ಪ ಮೂವತ್ತು ವರ್ಷ ಕಾಪಾಡಿದ ಗಾಡಿಯನ್ನು ನೀನು ಮೂರು ದಿನದಲ್ಲಿ ಹಾಳುಮಾಡಿದೆ." ಅವನು ಎದುರಾಡಲಿಲ್ಲ. ಮುಂದಿನ ಶನಿವಾರ ಬಂದವನು ಗುಜರಿಯವರನ್ನು ಕರೆತಂದಿದ್ದ. ಅವರು ಕಾರಿನ ಸುತ್ತ ತಿರುಗಿ ಬೆಲೆ ಕಟ್ಟುತ್ತಿರುವಾಗ ಅತ್ತಿಗೆ ಜಗಲಿಯ ಕಂಬವನ್ನು ಹಿಡಿದು ನಿಂತಿದ್ದರು. ಒಂದು ಮಾತನ್ನೂ ಆಡಲಿಲ್ಲ.

ಅದನ್ನು ನೋಡಲಾರದೆ, ಒಂದು ವಾರದ ಅವಧಿ ಕೊಡಬೇಕೆಂದು ನಾನೇ ಕೇಳಿಕೊಂಡೆ. ಕುಂಬಳೆಯ ಕಡೆಯಲ್ಲಿ, ಕೆಲಸ ಬಿಟ್ಟು ಮನೆಯಲ್ಲಿರುವ ಹಿರಿಯ ಮೆಕ್ಯಾನಿಕರೊಬ್ಬರಿದ್ದಾರೆ. ಅವರನ್ನು ಭಾನುವಾರ ಕರೆತಂದೆ. ಬಂದವರು ಬಾನೆಟ್ಟನ್ನೇ ತೆರೆಯಲಿಲ್ಲ. ಜಗಲಿಯಲ್ಲಿ ಕುಳಿತು, "ಮಾಷ್ಟ್ರೇ, ಇದಕ್ಕೆ ಇದುವರೆಗೆ ಏನೇನು ಮಾಡಿಸಿದ್ದೀರಿ, ಯಾವಾಗ ಮಾಡಿಸಿದ್ದೀರಿ, ಕ್ರಮವಾಗಿ ಹೇಳಿ" ಎಂದರು. ಅಣ್ಣ ಮಾಡಿಸಿದ್ದನ್ನು ಹೇಳಿದೆ, ಹುಡುಗ ಮಾಡಿದ್ದನ್ನು ಇನ್ನಷ್ಟು ವಿಸ್ತಾರವಾಗಿ ಹೇಳಿದೆ. ಹುಡುಗ ತಲೆತಗ್ಗಿಸಿ ಕೇಳುತ್ತಿದ್ದ.

ಇನ್ನು ಅವರು ನಡೆಸಿದ ಪರೀಕ್ಷೆಯ ಕ್ರಮವನ್ನು ಗಮನಿಸೋಣ. ಗೃಹಸ್ಥರು ಇದರಲ್ಲಿ ಬಹುಭಾಗವನ್ನು ತಾವೇ ಮಾಡಬಹುದು. ಆದರೆ ಮೂರು ಎಚ್ಚರಿಕೆಗಳಿವೆ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಪಾಯಕಾರಿ. ಚಕ್ರಕ್ಕೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಬಾನೆಟ್ಟಿನ ಒಳಗೆ ಬಾಗುವಾಗ ಮುಂಡಿನ ಅಂಚು, ಹೆಗಲ ಬೈರಾಸು ಫ್ಯಾನಿಗೆ ಸಿಗದಂತೆ ನೋಡಿಕೊಳ್ಳಬೇಕು.

ಮೊದಲನೆಯದು, ಹೊಗೆಯ ಬಣ್ಣ. ಕಪ್ಪು ಹೊಗೆಯೆಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಚೋಕ್ ಸಿಕ್ಕಿಕೊಂಡಿದೆಯೆ, ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿದೆಯೆ, ಕಾರ್ಬ್ಯುರೇಟರಿನ ತೊಟ್ಟಿಯಲ್ಲಿ ಪೆಟ್ರೋಲ್ ಉಕ್ಕುತ್ತಿದೆಯೆ ಎಂದು ನೋಡಬೇಕು. ಬಿಳಿ ಹೊಗೆಯೆಂದರೆ ನೀರು. ಮಳೆಗಾಲದ ಬೆಳಿಗ್ಗೆ ಮೊದಲ ಕೆಲವು ನಿಮಿಷ ಬರುವ ಬಿಳಿ ಆವಿ ಸಹಜವಾದದ್ದು. ಎಂಜಿನ್ ಬಿಸಿಯಾದ ಮೇಲೂ ಅದು ನಿಲ್ಲದೆ, ರೇಡಿಯೇಟರಿನ ನೀರು ದಿನದಿನಕ್ಕೂ ಇಳಿಯುತ್ತ, ಎಣ್ಣೆಯ ಮುಚ್ಚಳದ ಒಳಬದಿಯಲ್ಲಿ ಕಡೆದ ಮೊಸರಿನಂಥ ಲೇಪ ಕಂಡರೆ ಹೆಡ್ ಗ್ಯಾಸ್ಕೆಟಿನ ಮೇಲೆ ಸಂಶಯಪಡಬೇಕು. ನೀಲಿ ಹೊಗೆಯೆಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ.

ಎರಡನೆಯದು, ಹೊಗೆ ಬರುವ ಸಮಯ. ಏರಿನಲ್ಲಿ ಭಾರ ಎಳೆಯುವಾಗ ನೀಲಿ ಹೊಗೆ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಬೆಳಿಗ್ಗೆ ಮೊದಲು ಚಾಲೂ ಮಾಡಿದಾಗ ಒಂದು ಮೋಡ ಬಂದು ನಿಂತುಹೋದರೆ, ರಾತ್ರಿಯಿಡೀ ವಾಲ್ವಿನ ಕಾಂಡದ ಉದ್ದಕ್ಕೂ ಎಣ್ಣೆ ಇಳಿದಿದೆ. ಅದು ವಾಲ್ವ್ ಸೀಲಿನ ದೋಷ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಮಿಶ್ರಣದ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಅತಿ ಹೆಚ್ಚಾಗಿ, ಎಣ್ಣೆಯನ್ನು ಎಲ್ಲಿಂದ ಸಾಧ್ಯವೋ ಅಲ್ಲಿಂದ ಹೀರಿಕೊಳ್ಳುತ್ತದೆ. ನಮ್ಮ ಕಾರಿನ ಹೊಗೆ ಈ ಕೊನೆಯ ಬಗೆಯದು. "ರಿಂಗ್ ಹೋಗಿದ್ದರೆ ಏರಿನಲ್ಲಿ ಹೊಗೆ ಬರಬೇಕಿತ್ತಲ್ಲ?" ಎಂದು ಹಿರಿಯರು ಕೇಳಿದರು. ಆ ಗ್ಯಾರೇಜಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೂರನೆಯದು, ಪ್ಲಗ್ಗುಗಳ ಓದು. ನಾಲ್ಕನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ತಪ್ಪದಂತೆ ಕಾಗದದ ಮೇಲೆ ಸಾಲಾಗಿಡಬೇಕು. ಕಾಫಿಪುಡಿಯ ಬಣ್ಣವಿದ್ದರೆ ಆರೋಗ್ಯ. ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಎಣ್ಣೆ. ನಮ್ಮ ಕಾರಿನ 1 ಮತ್ತು 2ನೆಯ ಪ್ಲಗ್ಗುಗಳು ಕಾಫಿಯ ಬಣ್ಣಕ್ಕಿದ್ದವು. 3 ಮತ್ತು 4ನೆಯವುಗಳ ಪಿಂಗಾಣಿ ಬಿಳುಪಾಗಿದ್ದು, ಅಂಚಿನಲ್ಲಿ ಎಣ್ಣೆ ಸುಟ್ಟ ಗಟ್ಟಿ ಕರಿ ಅಂಟಿಕೊಂಡಿತ್ತು.

ನಾಲ್ಕನೆಯದು, ಒಂದೊಂದೇ ಸಿಲಿಂಡರನ್ನು ಕೆಲಸದಿಂದ ಬಿಡಿಸಿ ನೋಡುವುದು. ಒಂದು ಪ್ಲಗ್ಗಿನ ವಯರನ್ನು ತೆಗೆದಾಗ ಎಂಜಿನಿನ ಓಟ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಯಾವ ವ್ಯತ್ಯಾಸವೂ ಆಗದಿದ್ದರೆ ಅದೇ ಸೋಮಾರಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಓಡುವ ಎಂಜಿನಿನಿಂದ ವಯರನ್ನು ಕೀಳಲೇಬಾರದು. ಕೈಗೂ ಪೆಟ್ಟು, ಉಪಕರಣಕ್ಕೂ ಪೆಟ್ಟು. ಎಂಜಿನನ್ನು ನಿಲ್ಲಿಸಿ, ವಯರಿನ ತುದಿಗೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಅದರ ಲೋಹ ಎಂಜಿನಿನ ಮೈಗೆ ತಾಗುವಂತೆ ಭದ್ರವಾಗಿ ಮಲಗಿಸಿ, ಅನಂತರ ಮತ್ತೆ ಚಾಲೂ ಮಾಡಬೇಕು. ಈ ಪರೀಕ್ಷೆಯೂ 3 ಮತ್ತು 4ನೆಯವನ್ನೇ ತೋರಿಸಿತು.

ಐದನೆಯದು, ಕಂಪ್ರೆಶನ್. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಇಗ್ನಿಷನ್ನಿನ ಸಂಪರ್ಕ ತಪ್ಪಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಒಂದೊಂದು ಸಿಲಿಂಡರಿಗೂ ಗೇಜನ್ನಿಟ್ಟು ಸೆಲ್ಫ್ ಹೊಡೆಯಬೇಕು. ಅಳತೆ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆ ಬಿಟ್ಟೊಡನೆ ಏರಿದರೆ ರಿಂಗಿನ ದೋಷ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟಿನ ದೋಷ. ನಮ್ಮಲ್ಲಿ ನಾಲ್ಕೂ ಸಿಲಿಂಡರುಗಳು ಚದರಂಗುಲಕ್ಕೆ 122ರಿಂದ 130 ಪೌಂಡಿನ ಒಳಗೇ ಇದ್ದವು. ರಿಂಗುಗಳು ನಿರಪರಾಧಿಗಳೆಂದು ತೀರ್ಮಾನವಾಯಿತು. 55,000 ರೂಪಾಯಿ ಉಳಿಯಿತು.

ಹಾಗಾದರೆ ಎರಡೇ ಸಿಲಿಂಡರುಗಳು, ಅದೂ ಅಕ್ಕಪಕ್ಕದವು, ಏಕೆ ಕುಂಟುತ್ತಿವೆ? ಅಂಬಾಸಡರಿನ ಈ ಎಂಜಿನಿನ ರಚನೆಯಲ್ಲಿ ಒಂದು ವಿಶೇಷವಿದೆ. ನಾಲ್ಕು ಸಿಲಿಂಡರುಗಳಿಗೆ ಮಿಶ್ರಣವು ಒಳಹೋಗಲು ಇರುವುದು ಎರಡೇ ದ್ವಾರಗಳು: 1-2ಕ್ಕೆ ಒಂದು, 3-4ಕ್ಕೆ ಒಂದು. ಆದುದರಿಂದ 3 ಮತ್ತು 4 ಜೊತೆಯಾಗಿ ಬಡವಾದರೆ ಅವೆರಡಕ್ಕೂ ಸಮಾನವಾದ ದಾರಿಯಲ್ಲಿಯೇ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಕಾರ್ಬ್ಯುರೇಟರ್ ಅಳೆದುಕೊಡುವ ಗಾಳಿಯಲ್ಲದೆ ಅಳತೆಯಿಲ್ಲದ ಗಾಳಿಯೂ ಸೇರಿದರೆ ಮಿಶ್ರಣ ತೆಳುವಾಗುತ್ತದೆ. ನಿಂತಲ್ಲಿ ಓಡುವಾಗ ಒಟ್ಟು ಗಾಳಿಯೇ ಸ್ವಲ್ಪವಾದ್ದರಿಂದ ಕಳ್ಳಗಾಳಿಯ ಪಾಲು ದೊಡ್ಡದಾಗುತ್ತದೆ, ಎಂಜಿನ್ ನಡುಗುತ್ತದೆ. ವೇಗದಲ್ಲಿ ಅದರ ಪಾಲು ಸಣ್ಣದಾಗಿ ತೊಂದರೆ ಮರೆಯಾಗುತ್ತದೆ.

"ಅಂದರೆ ಇವನು ಇಟ್ಟ ಲೋಹದ ಹಲಗೆಯೇ ಸೋರುತ್ತಿದೆ" ಎಂದು ನಾನು ತಡೆಯಲಾರದೆ ನುಡಿದೆ. ಹಿರಿಯರು ಉತ್ತರಿಸದೆ ಹಲಗೆಯ ಸುತ್ತ, ಗ್ಯಾಸ್ಕೆಟಿನ ಅಂಚುಗಳಿಗೆ ಬೆರಳಿನಿಂದ ದಪ್ಪ ಗ್ರೀಸ್ ಸವರಿದರು. ಎಂಜಿನಿನ ನಡುಕದಲ್ಲಿ ವ್ಯತ್ಯಾಸವಾಗಲಿಲ್ಲ. ಹುಡುಗನ ಕೆಲಸ ಶುದ್ಧವಾಗಿತ್ತು. ಅನಂತರ ಅವರು, ಎಂಜಿನಿನ ಮೇಲ್ಮುಚ್ಚಳವಾದ ರಾಕರ್ ಕವರಿನಿಂದ ಹೊರಟು ಮ್ಯಾನಿಫೋಲ್ಡಿನ ಮೇಲಿನ ಒಂದು ಸಣ್ಣ ಕೊಳವೆಬಾಯಿಗೆ ಸೇರಿದ್ದ, ಎಣ್ಣೆಧೂಳಿನಿಂದ ಕರ್ರಗಾಗಿದ್ದ ರಬ್ಬರ್ ಕೊಳವೆಯನ್ನು ಇಕ್ಕಳದಿಂದ ಅದುಮಿದರು. ನಡುಕ ಥಟ್ಟನೆ ನಿಂತು ಎಂಜಿನ್ ಒಂದೇ ಸಮನೆ ಓಡತೊಡಗಿತು. ಇಕ್ಕಳವನ್ನು ಬಿಟ್ಟರು, ಮತ್ತೆ ನಡುಕ. ಮೂರು ಸಲ ಹೀಗೆ ಮಾಡಿ ತೋರಿಸಿದರು.

ಎಂಜಿನ್ ಓಡುವಾಗ ಪಿಸ್ಟನ್ನುಗಳನ್ನು ದಾಟಿ ಸ್ವಲ್ಪ ಅನಿಲ ಕೆಳಕ್ಕೆ ಸೋರುವುದು ಸಹಜ. ಎಣ್ಣೆಯ ಹನಿಗಳಿಂದ ಕೂಡಿದ ಆ ಆವಿ ಹೊರಹೋಗಲು ರಾಕರ್ ಕವರಿನಲ್ಲಿ ಒಂದು ಉಸಿರುಗೊಳವೆ ಇರುತ್ತದೆ; ಅದು ಏರ್ ಕ್ಲೀನರಿಗೆ ಸೇರಬೇಕಾದದ್ದು. ಅಲ್ಲಿ ಎಳೆತ ಬಲು ಮೃದು. ಅದನ್ನೇ ನಡುವೆ ಯಾವ ತಡೆಯೂ ಇಲ್ಲದೆ ನೇರವಾಗಿ ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ, ಅಲ್ಲಿನ ಪ್ರಬಲವಾದ ನಿರ್ವಾತವು ಗಾಳಿಯನ್ನೂ ಎಣ್ಣೆಯನ್ನೂ ಒಟ್ಟಿಗೆ ಹೀರುತ್ತದೆ. ಗಾಳಿಯಿಂದ ನಡುಕ, ಎಣ್ಣೆಯಿಂದ ಹೊಗೆ. ಎರಡು ರೋಗಗಳೆಂದು ನಾವು ಭಾವಿಸಿದ್ದರ ಮೂಲ ಒಂದೇ ಆಗಿತ್ತು.

"ಇದನ್ನು ಇಲ್ಲಿಗೆ ಕೊಟ್ಟವರು ಯಾರು?" ಎಂದು ಹಿರಿಯರು ಕೇಳಿದರು. ಆಗ ಹುಡುಗ ಮೊದಲ ಬಾರಿಗೆ ಬಾಯಿ ತೆರೆದ. "ಕಾರ್ಬ್ಯುರೇಟರ್ ಹಾಕುವಾಗ ನಾನು ಇದನ್ನು ನೋಡಿದ್ದೆ. ಸಂಶಯವೂ ಬಂದಿತ್ತು. ಅಪ್ಪ ಮಾಡಿಸಿದ್ದಿರಬೇಕು ಅಂದುಕೊಂಡು ಮುಟ್ಟಲಿಲ್ಲ, ಚಿಕ್ಕಪ್ಪ."

ಹಿರಿಯರು ಕೊಳವೆಯನ್ನು ಎಳೆದು ತೆಗೆದು ಬಟ್ಟೆಯಿಂದ ಒರಸಿದರು. ಕೊಳೆಯ ಕೆಳಗಿನಿಂದ ಕಿತ್ತಳೆಯ ಬಣ್ಣ ಹೊರಬಂತು. ಅದು ಅಡಿಗೆಮನೆಯ ಗ್ಯಾಸಿನ ಒಲೆಗೆ ಬಳಸುವ ಕೊಳವೆ. ಅದರ ಮೇಲೆ ತಯಾರಾದ ವರ್ಷ ಅಚ್ಚಾಗಿತ್ತು: 2022. ಅಣ್ಣ ತೀರಿಹೋಗಿ ಆಗಲೇ ಮೂರು ವರ್ಷಗಳಾಗಿದ್ದವು.

ನನಗೆ ಎಲ್ಲವೂ ನೆನಪಾಯಿತು. ಆ ವರ್ಷ ಅತ್ತಿಗೆಯನ್ನು ಕಣ್ಣಿನ ಚಿಕಿತ್ಸೆಗೆಂದು ಮಂಗಳೂರಿಗೆ ಕರೆದೊಯ್ಯುವಾಗ ಮೂಲದ ಉಸಿರುಗೊಳವೆ ಒಡೆದು, ಎಣ್ಣೆಯ ವಾಸನೆ ಕಾರಿನೊಳಗೆ ತುಂಬಿ, ಅವರಿಗೆ ವಾಕರಿಕೆ ಬಂದಿತ್ತು. ದಾರಿಬದಿಯ ಒಬ್ಬ ಮೆಕ್ಯಾನಿಕನಿಗೆ, "ಎಲ್ಲಿಗಾದರೂ ಸೇರಿಸು, ವಾಸನೆ ಒಳಗೆ ಬಾರದಿದ್ದರೆ ಸಾಕು" ಎಂದವನು ನಾನು. ಪಕ್ಕದ ಅಂಗಡಿಯಿಂದ ಆ ತುಂಡನ್ನು ಕೊಂಡುತಂದವನೂ ನಾನೇ. ಆಗ ಬಂದ ಮಿಸ್ಸಿಂಗನ್ನು ಮರೆಸಲು ಆತ ಕಾರ್ಬ್ಯುರೇಟರಿನ ತಿರುಪನ್ನು ತಿರುಗಿಸಿ ಪೆಟ್ರೋಲನ್ನು ಹೆಚ್ಚಿಸಿದ್ದ. ಹೀಗೆ ದೋಷ ಎರಡು ವರ್ಷ ಮುಚ್ಚಿಹೋಗಿತ್ತು. ಎಣ್ಣೆ ಬೇಗಬೇಗನೆ ಇಳಿಯುತ್ತಿದ್ದುದನ್ನು ನಾನು ಗಾಡಿಯ ವಯಸ್ಸಿನ ಲೆಕ್ಕಕ್ಕೆ ಬರೆದುಬಿಟ್ಟಿದ್ದೆ. ಹುಡುಗ ಹಳೆಯ ಕಾರ್ಬ್ಯುರೇಟರನ್ನು ತೆಗೆದಾಗ ಆ ಮರೆಸುವಿಕೆಯೂ ಹೋಯಿತು, ದೋಷ ಹೊರಬಿತ್ತು. ಹೊರಬಿದ್ದ ದಿನ ಅಲ್ಲಿದ್ದವನೇ ಅಪರಾಧಿಯೆಂದು ನಾನು ತೀರ್ಪು ಕೊಟ್ಟಿದ್ದೆ.

ಟಿ.ಟಿ.ಸಿ. ತರಬೇತಿಯಲ್ಲಿ ನಮಗೆ ನೈದಾನಿಕ ಪರೀಕ್ಷೆ ಎಂಬೊಂದು ಪಾಠವಿತ್ತು. ಮಗು ಭಾಗಾಕಾರದಲ್ಲಿ ತಪ್ಪಿದರೆ ಗದರಿಸುವುದಲ್ಲ. ಮಗ್ಗಿಯಲ್ಲಿ ತಪ್ಪಿತೋ, ವ್ಯವಕಲನದಲ್ಲಿ ತಪ್ಪಿತೋ, ಅಂಕಿಯನ್ನು ಇರಿಸುವ ಸ್ಥಾನದಲ್ಲಿ ತಪ್ಪಿತೋ ಎಂದು ಒಂದೊಂದೇ ಹೆಜ್ಜೆಯನ್ನು ಬಿಡಿಸಿ ನೋಡಬೇಕೆಂಬುದು ಅದರ ಸಾರ. ಮೂವತ್ತು ವರ್ಷ ಇದನ್ನು ಕಿರಿಯ ಅಧ್ಯಾಪಕರಿಗೆ ಹೇಳುತ್ತ ಬಂದವನು ನಾನು. ಮನೆಯ ಹುಡುಗನ ವಿಷಯದಲ್ಲಿ ಮೊದಲ ಹೆಜ್ಜೆಯನ್ನೂ ಇಡಲಿಲ್ಲ. ಅತ್ತಿಗೆಯ ಎದುರಿಗೆ ಅಪವಾದ ಹೊರಿಸಿದ್ದರಿಂದ ಅವರ ಎದುರಿಗೇ ತಪ್ಪನ್ನು ಒಪ್ಪಿಕೊಂಡೆ. ಹುಡುಗ ನಾಚಿಕೊಂಡು, "ಬಿಡಿ ಚಿಕ್ಕಪ್ಪ, ಹೊಸ ಕೊಳವೆ ಎಲ್ಲಿ ಸಿಗುತ್ತದೆ ನೋಡೋಣ" ಎಂದ.

ಎಣ್ಣೆಯನ್ನು ತಾಳುವ ಸರಿಯಾದ ಕೊಳವೆ ತಂದು ಏರ್ ಫಿಲ್ಟರಿಗೆ ಕೊಟ್ಟೆವು. ಮ್ಯಾನಿಫೋಲ್ಡಿನ ಬಾಯಿಗೆ ತಿರುಪು ಹಾಕಿ ಮುಚ್ಚಿದೆವು. ಕಾರ್ಬ್ಯುರೇಟರನ್ನು ಹೊಸದಾಗಿ ಹೊಂದಿಸಿದೆವು. ಖರ್ಚು 400 ರೂಪಾಯಿಗೆ ಒಳಗೆ. ಹೊಗೆ ಮಾತ್ರ ಆ ದಿನವೇ ನಿಲ್ಲಲಿಲ್ಲ. ಸೈಲೆನ್ಸರಿನೊಳಗೆ ಸೇರಿದ್ದ ಹಳೆಯ ಎಣ್ಣೆ ಉರಿದು ಮುಗಿಯಲು ಸುಮಾರು 200 ಕಿಲೋಮೀಟರ್ ಬೇಕಾಯಿತು. ಬೆಳಗಿನ ಹೊತ್ತು ಉಳಿದ ಸಣ್ಣ ಮೋಡವೊಂದು ವಾಲ್ವ್ ಸೀಲುಗಳನ್ನು ಬದಲಿಸಿದ ಮೇಲೆ ಹೋಯಿತು. ದುರಸ್ತಿಯಾದೊಡನೆ ಫಲ ಕಾಣಲಿಲ್ಲವೆಂದು ಮತ್ತೇನನ್ನೋ ಬದಲಿಸಲು ಹೊರಡಬಾರದು ಎಂಬುದು ಇದರಿಂದ ತಿಳಿಯತಕ್ಕದ್ದು.

ನಾವು ಕೈಹಚ್ಚದಿದ್ದರೂ ಕಾಲವೇ ಮಾಡುವ ಮಾರ್ಪಾಡುಗಳೂ ಇವೆ. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸವನ್ನು ತೆಗೆಯಲಾಯಿತು. ಅದು ಮಕ್ಕಳ ಆರೋಗ್ಯಕ್ಕೆ ದೊಡ್ಡ ಉಪಕಾರ. ಆದರೆ ಹಳೆಯ ಬೀಡುಕಬ್ಬಿಣದ ಹೆಡ್ಡುಗಳಲ್ಲಿ ವಾಲ್ವ್ ಕೂರುವ ಪೀಠವನ್ನು ಸವೆತದಿಂದ ಕಾಯುತ್ತಿದ್ದುದು ಆ ಸೀಸವೇ. ಪೀಠ ಸವೆದಂತೆ ವಾಲ್ವ್ ಒಳಕ್ಕೆ ಇಳಿದು, ಟ್ಯಾಪೆಟಿನ ಅಂತರ ಕುಗ್ಗಿ, ಕೊನೆಗೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಈ ಎಂಜಿನಿನಲ್ಲಿ ಆ ಅಂತರ ಇಂಚಿನ ಸಾವಿರ ಭಾಗಗಳಲ್ಲಿ 15, ಅಂದರೆ ಸುಮಾರು 0.38 ಮಿಲಿಮೀಟರ್. ಅದನ್ನು ಆಗಾಗ ಪರೀಕ್ಷಿಸುತ್ತಿರಬೇಕು. 2025ರ ಹೊತ್ತಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ದೇಶದೆಲ್ಲೆಡೆ ಬಂದಿದೆ. ಎಥನಾಲಿಗೆ ಉರಿಯಲು ಬೇಕಾದ ಗಾಳಿ ಪೆಟ್ರೋಲಿಗಿಂತ ಕಡಿಮೆಯಾದ್ದರಿಂದ, ಹಳೆಯ ಅಳತೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಳೆಯ ಕಾಲದ ರಬ್ಬರ್ ಕೊಳವೆಗಳೂ ಪೆಟ್ರೋಲ್ ಪಂಪಿನ ಪೊರೆಯೂ ಅದರಿಂದ ಊದಿ ಬಿರಿಯಬಹುದು. ಪೆಟ್ರೋಲ್ ಸೋರಿದರೆ ಬೆಂಕಿಯ ಭಯವಿದೆ. ಆದುದರಿಂದ ಎಥನಾಲನ್ನು ತಾಳುವ ಕೊಳವೆಗಳನ್ನು ಹಾಕಿಸಿಕೊಳ್ಳುವುದು ಲೇಸು.

ಕಾನೂನಿನ ಮಾತನ್ನೂ ಒಂದು ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ವಾಹನಗಳ ಮಾರ್ಪಾಡಿಗೆ ಮಿತಿ ಹಾಕಿದೆ. ಎಂಜಿನ್ ಬದಲಿಸಿದ್ದರೆ, ಗ್ಯಾಸ್ ಕಿಟ್ ಜೋಡಿಸಿದ್ದರೆ ಅದಕ್ಕೆ ಅನುಮತಿಯಿರಬೇಕು, ನೋಂದಣಿ ಪತ್ರದಲ್ಲಿ ದಾಖಲಾಗಿರಬೇಕು. 15 ವರ್ಷ ಕಳೆದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ಈ ಲೋಪಗಳೆಲ್ಲ ಮೇಲೆ ಬರುತ್ತವೆ.

ಶಾಲೆಯಲ್ಲಿ ಬೆಂಚು ಮುರಿದರೂ ದಾಖಲೆ ಪುಸ್ತಕದಲ್ಲಿ ಬರೆಯುವ ನಾನು ಕಾರಿಗೆಂದು ಒಂದು ಪುಸ್ತಕವನ್ನು ಇಟ್ಟಿರಲಿಲ್ಲ. ಈಗ ಇಟ್ಟಿದ್ದೇನೆ, ಇನ್ನೂರು ಪುಟದ ನೋಟ್‌ಬುಕ್, ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ದಿನಾಂಕ, ಓಡಿದ ಕಿಲೋಮೀಟರ್, ಏನು ಬದಲಿಸಿತು, ಏಕೆ ಬದಲಿಸಿತು, ಯಾರು ಬದಲಿಸಿದರು ಎಂಬ ಐದು ಅಂಕಣಗಳು. ನಿಮ್ಮ ಮನೆಯ ಹಳೆಯ ಗಾಡಿಗೂ ಹೀಗೊಂದು ಪುಸ್ತಕವನ್ನು ಇಂದೇ ಆರಂಭಿಸಿರಿ. ಹಿಂದೆ ಏನೇನಾಗಿದೆ ಎಂಬುದನ್ನು ತಿಳಿದ ಹಿರಿಯರಿದ್ದರೆ ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿರಿ. ನಮ್ಮ ಪುಸ್ತಕದ ಮೊದಲ ಪುಟವನ್ನು ಅಣ್ಣನ ಮಗನೇ ಬರೆದ. ಅವನ ಅಪ್ಪ ಮಾಡಿಸಿದ ಕೆಲಸಗಳನ್ನು ಅತ್ತಿಗೆ ಒಂದೊಂದಾಗಿ ನೆನಪಿಸಿಕೊಂಡು ಹೇಳಿದರು. ಬೋರ್ ಮಾಡಿಸಿದ್ದು ಯಾವ ಮಗುವಿನ ನಾಮಕರಣದ ವರ್ಷವೆಂಬುದೂ ಅವರಿಗೆ ತಿಳಿದಿತ್ತು. 2022ರ ಸಾಲಿಗೆ ಬಂದಾಗ ಹುಡುಗ ಪೆನ್ನನ್ನು ನನ್ನ ಕಡೆಗೆ ಚಾಚಿದ. ಆ ಸಾಲನ್ನು ನಾನೇ ಬರೆದೆ, ಕೊನೆಯ ಅಂಕಣದಲ್ಲಿ ನನ್ನ ಹೆಸರನ್ನೂ ಬರೆದೆ.